ಮುಂದಿನ ಮುದ್ರಣದಲ್ಲಿ

ಇದು ನಾನೇ. ಅನುಮಾನವೇ ಬೇಡ, ನಾನೇ.

ಬಚ್ಚಲುಮನೆಯ ಚಿಲಕ ಹಾಕಿಕೊಂಡು, ಮುಚ್ಚಿದ ಕಮೋಡಿನ ಮೇಲೆ ಕೂತು, ಅವನು ಆ ಪುಟವನ್ನು ಮತ್ತೆ ಓದಿದ. ಕಾದಂಬರಿಯಲ್ಲಿ ಒಬ್ಬ ಗಂಡ. ಹೆಂಡತಿ ಮನೆಗೆ ಬೀಗ ಹಾಕಿ ಮೆಟ್ಟಿಲಿಳಿದರೆ ಇವನು ವಾಪಸು ಹತ್ತಿ ಹೋಗಿ ಬೀಗ ಜಗ್ಗಿ ನೋಡುತ್ತಾನೆ. ಬಿಟ್ಟು ಮತ್ತೆ ಜಗ್ಗುತ್ತಾನೆ. ಅವಳು ಮೂಸಿ, ಕೆಟ್ಟಿಲ್ಲ ಅಂದ ಹಾಲನ್ನು ತಾನೂ ಮೂಸುತ್ತಾನೆ. ಹೊರಗೆ ಮಳೆ ಅಂದರೆ ಕಿಟಕಿಯಿಂದ ಕೈ ಚಾಚಿ, ಒದ್ದೆ ಕೈ ಒರೆಸಿಕೊಳ್ಳುತ್ತ, "ಬರ್ತಿದೆ" ಎಂದು ಮಳೆಗೆ ಮಂಜೂರಾತಿ ಕೊಡುತ್ತಾನೆ.

ಬರೆದವಳು ಯಾವುದೋ ಚಳಿದೇಶದ ಹೆಂಗಸು. ಅದನ್ನು ನಮ್ಮ ಭಾಷೆಗೆ ತಂದವಳು ಈಗ ಬಚ್ಚಲ ಬಾಗಿಲಾಚೆ ಇಸ್ತ್ರಿ ಮಾಡುತ್ತಿದ್ದಳು. ಅವನ ಹೆಂಡತಿ.

"ರೀ, ಇನ್ನೂ ಎಷ್ಟು ಹೊತ್ತು?"

"ಬಂದೆ."

ಪುಸ್ತಕವನ್ನು ಟವೆಲಿನಲ್ಲಿ ಸುತ್ತಿಕೊಂಡ. ಹೆಂಡತಿಯ ಪುಸ್ತಕವನ್ನು ಅಂಗಡಿಯಲ್ಲಿ ಕೊಂಡು, ಹೆಂಡತಿಯಿಂದಲೇ ಬಚ್ಚಿಟ್ಟು ಓದುವ ಗಂಡ ಇನ್ನೊಬ್ಬ ಇರಲಾರ. ಹದಿಹರೆಯದಲ್ಲಿ ಬೇರೆ ಥರದ ಪುಸ್ತಕಗಳನ್ನು ಹೀಗೆ ಓದಿದ್ದುಂಟು. ಆಗ ಇಷ್ಟು ಭಯ ಇರಲಿಲ್ಲ.

ಅನುವಾದಿತ ಕಾದಂಬರಿಗೆ ಪ್ರತಿವರ್ಷ ಕೊಡುವ ಆ ದೊಡ್ಡ ಪ್ರಶಸ್ತಿಯ ಪಟ್ಟಿ ಬಂದಿತೆಂದರೆ ಅವನಿಗೆ ಊಟ ನಿದ್ದೆ ಬೇಡ. ಪಟ್ಟಿಯ ಒಂದೊಂದು ಪುಸ್ತಕವನ್ನೂ ಕೊಂಡು, ಅಂಡರ್‌ಲೈನ್ ಮಾಡಿ, ಅಂಕ ಕೊಟ್ಟು ಓದುತ್ತಾನೆ. ಯಾವ ದೇಶದಲ್ಲಿ ಯಾವ ಹೆಂಗಸು ಯಾವ ಗಂಡನ ಕೈಯಲ್ಲಿ ಏನು ಪಾಡು ಪಟ್ಟಳು ಎಂಬುದು ಅವನಿಗೆ ಬಾಯಿಪಾಠ. ಹೆಂಡತಿ ಹಿಂದೆಯೂ ಕೆಲವು ಕಾದಂಬರಿ ಅನುವಾದಿಸಿದ್ದಳು. ಅವನ್ನು ಅವನು ಓದಿರಲಿಲ್ಲ. ಅವು ಪಟ್ಟಿಗೆ ಬಂದಿರಲಿಲ್ಲವಲ್ಲ!

ಈ ಸಲ ಬಂತು. ಈರುಳ್ಳಿ ಹೆಚ್ಚುತ್ತಲೇ ಅವಳು ಹೇಳಿದ್ದಳು: "ನನ್ನದೂ ಪಟ್ಟಿಯಲ್ಲಿದೆಯಂತೆ."

"ಹೌದಾ?" ಎಂದಿದ್ದ. ಏನಾದರೂ ಒಳ್ಳೆಯದು ಹೇಳಬೇಕು ಅನ್ನಿಸಿ, "ಮೂಲ ಚೆನ್ನಾಗಿರ್ಬೇಕು," ಎಂದು ಸೇರಿಸಿದ್ದ.

ಅವಳು ಮೊಣಕೈಯಿಂದ ಕಣ್ಣೊರೆಸಿಕೊಂಡು ಹೆಚ್ಚುವುದನ್ನು ಮುಂದುವರಿಸಿದ್ದಳು. ಈರುಳ್ಳಿ ಘಾಟು ಇರಬೇಕು ಅಂದುಕೊಂಡಿದ್ದ.

ಈಗ ಬಚ್ಚಲಿಂದ ಹೊರಬಂದಾಗ ಅವಳು ತನ್ನ ಕೋಟಿನ ತೋಳಿಗೆ ಇಸ್ತ್ರಿ ಒತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಸಂಜೆ ಪ್ರಶಸ್ತಿ ಸಮಾರಂಭಕ್ಕೆ ಬರ್ತೀರಾ?"

"ಕೆಲಸ ನೋಡ್ಕೊಂಡು ಹೇಳ್ತೀನಿ."

"ಮನೆಯವರಿಗೆ ಅಂತ ಒಂದು ಸೀಟು ಇಟ್ಟಿದ್ದಾರೆ. ನೀವು ಬರಲ್ಲ ಅಂದ್ರೆ ಅಕ್ಕನ್ನ ಕರೀತೀನಿ."

"ಬರ್ತೀನಿ ಅಂದೆನಲ್ಲ."

"ಅನ್ಲಿಲ್ಲ."

"ಈಗ ಅಂದೆ."

ಕೇಳಬೇಕಾಗಿದ್ದದ್ದು ಒಂದೇ ಮಾತು. ಆ ಗಂಡ ನಾನಾ? ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ನನ್ನಲ್ಲಿ ನಿನಗೆ ಕಂಡದ್ದು ಇಷ್ಟೇನಾ? ನಾಲಿಗೆಯ ತುದಿಯವರೆಗೂ ಬಂತು. ಅವಳು ಇಸ್ತ್ರಿಪೆಟ್ಟಿಗೆಯನ್ನು ಆರಿಸಿ ಒಳಗೆ ಹೋದಳು. ಅವನು ಪ್ಲಗ್ಗನ್ನು ಮುಟ್ಟಿ ನೋಡಿ ಕೆಲಸಕ್ಕೆ ಹೊರಟ.

ಅವನದು ಲಿಫ್ಟುಗಳ ತಪಾಸಣೆಯ ಕೆಲಸ. ಕಂಪನಿಯವರು ನೋಡಿ ಸರಿಯಿದೆ ಅಂದ ಲಿಫ್ಟನ್ನು ಸರ್ಕಾರದ ಪರವಾಗಿ ಇನ್ನೊಮ್ಮೆ ನೋಡಿ ಸರಿಯಿದೆ ಅನ್ನಬೇಕು. ಒಬ್ಬರು ಹಾಕಿದ ಬೀಗವನ್ನು ಜಗ್ಗಿ ನೋಡುವುದಕ್ಕೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ ಅನ್ನಿ. ಅದರಲ್ಲಿ ನಾಚಿಕೆಪಡುವುದೇನಿದೆ? ಜಗತ್ತಿನಲ್ಲಿ ಜನ ಸಾಯುವುದು ಯಾರೋ ನೋಡಿದ್ದಾರೆ ಬಿಡು ಎಂಬ ಮಾತಿನಿಂದಲೇ.

ಆ ಬೆಳಿಗ್ಗೆ ಬಟ್ಟೆ ಅಂಗಡಿಯೊಂದರ ತಾರಸಿಯ ಕೋಣೆಯಲ್ಲಿ ನಿಂತು, ಉಕ್ಕಿನ ಹಗ್ಗ ಚಕ್ರಕ್ಕೆ ಸುತ್ತಿಕೊಳ್ಳುವುದನ್ನು ನೋಡುತ್ತ, ಅವನು ಯೋಚಿಸಿದ್ದು ಹೆಂಡತಿಯ ನಗುವಿನ ಬಗ್ಗೆ. ಆ ಲೇಖಕಿಯ ಜೊತೆ ಅವಳು ಕಂಪ್ಯೂಟರಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾಳೆ, ಆ ದೇಶದ ಭಾಷೆಯಲ್ಲಿ. ಬಾಗಿಲು ಮುಚ್ಚಿದ್ದರೂ ನಗು ಕೇಳುತ್ತದೆ. ಎದೆಯಾಳದಿಂದ ಬರುವ ಒರಟು ನಗು. ನಮ್ಮ ಭಾಷೆಯಲ್ಲಿ ಅವಳು ಹಾಗೆ ನಕ್ಕದ್ದು ಅವನಿಗೆ ನೆನಪಿಲ್ಲ. ನಿನ್ನ ಕಥೆಯಲ್ಲಿರುವಂಥದ್ದೊಂದು ನಮ್ಮ ಮನೆಯಲ್ಲೂ ಇದೆ ಎಂದು ಹೇಳಿರಬೇಕು. ಇನ್ನಷ್ಟು ಮಸಾಲೆ ನಾನು ಹಾಕುತ್ತೇನೆ ಬಿಡು ಎಂದಿರಬೇಕು.

"ಸಾರ್, ಸರಿ ಇದೆಯಾ?" ಅಂಗಡಿಯ ಮ್ಯಾನೇಜರು ಕೇಳಿದ.

"ಯಾವುದು?"

"ಲಿಫ್ಟು ಸಾರ್."

ಅವನು ಸಹಿ ಹಾಕಿದ. ಎರಡನೆಯ ಸಲ ನೋಡಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಅದೇ ಮೊದಲು.

ಮಧ್ಯಾಹ್ನ ಗುಂಪಿನ ಸಭೆ. ಪ್ರಶಸ್ತಿಯನ್ನು ಹಿಂಬಾಲಿಸುವ ಓದುಗರು ಸೇರಿ, ಅಸಲಿ ತೀರ್ಪು ಹೊರಬೀಳುವ ಮೊದಲೇ ತಮ್ಮದೊಂದು ತೀರ್ಪು ಕೊಡುತ್ತಿದ್ದರು. ಪ್ರತಿಯೊಬ್ಬರೂ ಎಲ್ಲ ಪುಸ್ತಕ ಓದಬೇಕು. ಕಥೆಗೆ ಹತ್ತು ಅಂಕ, ಅನುವಾದಕ್ಕೆ ಹತ್ತು. ತೀರ್ಪನ್ನು ಇಂಟರ್ನೆಟ್ಟಿನ ಪುಟವೊಂದರಲ್ಲಿ ಹಾಕುತ್ತಿದ್ದರು. ಅದನ್ನು ನೋಡುವವರು ಬೆರಳೆಣಿಕೆ. ಮೊದಲು ಸುಮಾರು ಜನ ಇದ್ದರು. ಪುಸ್ತಕಗಳು ದಪ್ಪಗಾಗುತ್ತ ಹೋದ ಹಾಗೆ ಗುಂಪು ತೆಳ್ಳಗಾಯಿತು. ಈಗ ಉಳಿದವರು ಮೂವರು: ಒಬ್ಬ ನಿವೃತ್ತ ನ್ಯಾಯಾಧೀಶರು, ಒಬ್ಬಳು ದಂತವೈದ್ಯೆ, ಇವನು. ಸಭೆ ನಡೆಯುವುದು ದಂತವೈದ್ಯೆಯ ಕ್ಲಿನಿಕ್ಕಿನಲ್ಲಿ, ರೋಗಿಗಳು ಕಾಯುವ ಕೋಣೆಯಲ್ಲಿ, ಊಟದ ಬಿಡುವಿನ ಹೊತ್ತು.

ಗುಂಪಿಗೊಂದು ನಿಯಮವಿತ್ತು, ಜಡ್ಜ್ ಮಾಡಿದ್ದು: ಪಟ್ಟಿಯಲ್ಲಿರುವ ಲೇಖಕರೋ ಅನುವಾದಕರೋ ನಿಮ್ಮ ನೆಂಟರಾದರೆ ಎದ್ದು ಹೊರಗೆ ಹೋಗಬೇಕು. ಇವನು ಎದ್ದಿರಲಿಲ್ಲ. ಗುಂಪಿಗೆ ಸೇರಿದ ಹೊಸದರಲ್ಲಿ ಜಡ್ಜ್, "ಮನೆಯವರು ಏನು ಮಾಡ್ತಾರೆ?" ಎಂದು ಕೇಳಿದಾಗ, "ಮನೇಲೇ ಇರ್ತಾಳೆ," ಎಂದಿದ್ದ. ಸುಳ್ಳೇನಲ್ಲ. ಅವಳು ಅನುವಾದ ಮಾಡುತ್ತಿದ್ದದ್ದು ಮನೆಯಲ್ಲೇ.

"ಜಗ್ಗಪ್ಪ!"

ಬಾಗಿಲು ತಳ್ಳುತ್ತಿದ್ದಂತೆ ಜಡ್ಜರ ದನಿ ಕೇಳಿ ಅವನು ಹೊಸ್ತಿಲಲ್ಲೇ ನಿಂತ. ಅವರು ಹೇಳುತ್ತಿದ್ದದ್ದು ಕಾದಂಬರಿಯ ಗಂಡನ ವಿಷಯ. ಬೀಗ ಜಗ್ಗುವವನಿಗೆ ಆ ಹೆಸರಿಟ್ಟವರೂ ಅವರೇ.

"ಬನ್ನಿ ಇನ್ಸ್‌ಪೆಕ್ಟ್ರೇ, ಕೂತ್ಕೊಳ್ಳಿ. ಜಗ್ಗಪ್ಪ ಹಾಲು ಮೂಸೋದನ್ನ ನೆನೆಸ್ಕೊಂಡು ನಗ್ತಾ ಇದ್ವಿ. ಎಂಥಾ ಪ್ರಾಣಿ ಕಣ್ರೀ ಅದು!"

"ಅಂಥವನ ಜೊತೆ ಬಾಳೋದು ಅಂದ್ರೆ ದಿನಾ ಹಲ್ಲು ನೋವು ಇದ್ದ ಹಾಗೆ," ಎಂದಳು ದಂತವೈದ್ಯೆ. "ಸಾಯೋದಿಲ್ಲ, ಸುಮ್ಮನೆ ಇರೋಕೂ ಬಿಡೋದಿಲ್ಲ."

ಅವನು ಕೂತ. ಎದುರಿನ ಗೋಡೆಯಲ್ಲಿ ಕೆಟ್ಟ ಹಲ್ಲಿನ ದೊಡ್ಡ ಚಿತ್ರ. ಹೊರಗೆ ಬೆಳ್ಳಗೆ, ಒಳಗೆ ಕಪ್ಪು.

ಜಡ್ಜರ ಮತ ದ್ವೀಪವೊಂದರ ಯುದ್ಧದ ಕಾದಂಬರಿಗೆ. ದಂತವೈದ್ಯೆಯದು ಜಗ್ಗಪ್ಪನ ಕಾದಂಬರಿಗೆ. ಅಲ್ಲಿಗೆ ಎಲ್ಲ ಬಂದು ನಿಂತದ್ದು ಇವನ ಮೇಲೆ.

"ಆ ಗಂಡನ ಭಾಗ ಮೂಲದಲ್ಲಿ ಇರಲಾರದು," ಎಂದ.

"ಅಂದ್ರೆ?"

"ಅನುವಾದಕಿ ಸೇರಿಸಿದ್ದು."

"ಹೇಗೆ ಹೇಳ್ತೀರಿ? ನಿಮಗೆ ಆ ಭಾಷೆ ಬರುತ್ತಾ?"

"ಬರೋದಿಲ್ಲ. ಓದಿದ್ರೆ ಗೊತ್ತಾಗುತ್ತೆ. ಅದೊಂದು ಬೇರೆ ಥರ ಇದೆ. ಯಾರೋ ಗೊತ್ತಿರೋರನ್ನ ನೋಡಿ ಬರೆದ ಹಾಗಿದೆ."

"ಅದಕ್ಕೇನು, ನೋಡೇ ಬಿಡೋಣ," ಎಂದು ದಂತವೈದ್ಯೆ ಎದ್ದಳು. ಅವಳು ಹಲ್ಲಿನ ವಿದ್ಯೆ ಕಲಿತದ್ದು ಆ ಚಳಿದೇಶದಲ್ಲೇ. ಒಳಗಿನಿಂದ ಮೂಲ ಪುಸ್ತಕ ತಂದಳು. ಇನ್ನೊಂದು ಕೈಯಲ್ಲಿ ಅನುವಾದ. ಎರಡನ್ನೂ ಮೇಜಿನ ಮೇಲೆ ಅಗಲಿಸಿ, ಎರಡು ಬೆರಳನ್ನು ಎರಡು ಸಾಲಿನ ಮೇಲೆ ಇಟ್ಟಳು.

"ಬೀಗ ಜಗ್ಗೋದು. ಇದೆ. ಬಿಟ್ಟು ಮತ್ತೆ ಜಗ್ಗೋದು. ಇದೆ. ಹಾಲು. ಇದೆ. ಮಳೆ, ಕಿಟಕಿ, ಒದ್ದೆ ಕೈ. ಎಲ್ಲಾ ಇದೆ ಇನ್ಸ್‌ಪೆಕ್ಟ್ರೇ. ಒಂದಕ್ಷರ ಸೇರಿಸಿಲ್ಲ ಆಯಮ್ಮ."

ಮೊದಲು ಬಂದದ್ದು ನೆಮ್ಮದಿ. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಹಾಗಾದರೆ ಇದು ತಾನಲ್ಲ. ತನ್ನ ಮುಖವನ್ನೇ ನೋಡದವಳೊಬ್ಬಳು ಸಾವಿರಾರು ಮೈಲಿಯಾಚೆ ಕೂತು ತನ್ನನ್ನು ಇದ್ದ ಹಾಗೇ ಬರೆದಿದ್ದಾಳೆ ಅಂದರೆ ತನ್ನಂಥವರು ಎಲ್ಲ ದೇಶದಲ್ಲೂ ಬೇಕಾದಷ್ಟು ಬಿದ್ದಿದ್ದಾರೆ. ಹೆಂಡತಿ ತನ್ನನ್ನು ಹೀಯಾಳಿಸುವಷ್ಟು ಶ್ರಮವನ್ನೂ ತೆಗೆದುಕೊಂಡಿಲ್ಲ. ಬೆಳಗಿನಿಂದ ಸುಮ್ಮನೆ ಮೈ ಉರಿಸಿಕೊಂಡದ್ದಾಯಿತು.

"ಇರಿ ಇರಿ," ಎಂದಳು ದಂತವೈದ್ಯೆ. ಮೂಲದ ಮೇಲಿದ್ದ ಬೆರಳು ನಿಂತಿತ್ತು. ಅನುವಾದದ ಮೇಲಿದ್ದದ್ದು ಹಿಂದೆ ಮುಂದೆ ಓಡಾಡಿತು. "ಇಲ್ಲೊಂದು ವಾಕ್ಯ ಇದೆ. ನಮ್ಮ ಪುಸ್ತಕದಲ್ಲಿ ಇಲ್ಲ."

"ಏನಂತೆ?" ಜಡ್ಜ್ ಕನ್ನಡಕ ಹಾಕಿಕೊಂಡರು.

ಅವಳು ತಡವರಿಸುತ್ತ ಹೇಳಿದಳು: "ಮೆಟ್ಟಿಲ ಕೆಳಗೆ ನಿಂತು... ಆ ಬೀಗದ ಸದ್ದು ಕೇಳ್ತಾ ಇರುವಾಗ... ಅವಳಿಗೆ ಅವನ ಮೇಲೆ ಎಲ್ಲಿಲ್ಲದ ಅಕ್ಕರೆ ಉಕ್ಕುತ್ತಿತ್ತು. ಇವನೊಬ್ಬ ಇರೋವರೆಗೂ ನನ್ನ ಮನೆಗೆ ಏನೂ ಆಗೋದಿಲ್ಲ ಅನ್ನಿಸುತ್ತಿತ್ತು." ಮತ್ತೊಮ್ಮೆ ನೋಡಿದಳು. "ಅಷ್ಟೇ. ಅದಾದ್ಮೇಲೆ ಹಾಲಿನ ವಿಷಯ."

ಒಳಗೆಲ್ಲೋ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಅಲ್ರೀ, ಹಾಗಾದ್ರೆ ಜಗ್ಗಪ್ಪ ಕೆಟ್ಟವನಲ್ಲ!" ಎಂದರು ಜಡ್ಜ್. "ಅವಳಿಗೆ ಅವನು ಬೇಕಾಗಿದ್ದ. ಇಡೀ ಕಥೆಯೇ ಬೇರೆ ಆಗ್ಹೋಯ್ತಲ್ಲ!"

"ಅಚ್ಚಿನಲ್ಲಿ ಬಿಟ್ಟುಹೋಗಿರ್ಬಹುದು," ಎಂದ ಅವನು.

"ಬಿಟ್ಟುಹೋಗೋಕೆ ಅದೇ ವಾಕ್ಯ ಬೇಕಿತ್ತಾ? ನಾನು ಅಲ್ಲಲ್ಲಿ ಹೋಲಿಸಿ ನೋಡಿದ್ದೀನಿ. ಆಯಮ್ಮ ಒಂದು ಪೂರ್ಣವಿರಾಮ ಬಿಡೋಳಲ್ಲ."

ಜಡ್ಜ್ ಕುರ್ಚಿಗೆ ಒರಗಿದರು. ಎಷ್ಟೋ ವರ್ಷ ಸಾಕ್ಷಿಗಳ ಮುಖ ನೋಡಿದ ಮನುಷ್ಯ. "ನಾನು ಹೇಳ್ಲಾ? ಆಯಮ್ಮನ ಮನೇಲೂ ಒಬ್ಬ ಜಗ್ಗಪ್ಪ ಇದ್ದಾನೆ. ಎಲ್ಲಾ ಬರೆದಳು, ಅದೊಂದನ್ನ ಬರೆಯೋಕೆ ಕೈ ಬರ್ಲಿಲ್ಲ."

ದಂತವೈದ್ಯೆ ನಕ್ಕಳು. "ಪಾಪ ಕಣ್ರೀ."

"ಯಾರು ಪಾಪ, ಅವಳಾ ಅವನಾ?"

"ಇಬ್ರೂ."

ಅವನೂ ನಕ್ಕ. ನಗದಿದ್ದರೆ ಗೊತ್ತಾಗಿಬಿಡುತ್ತದಲ್ಲ. ಆಮೇಲೆ, ನ್ಯಾಯಕ್ಕಾಗಿ ನೊಂದವನ ದನಿಯಲ್ಲಿ, "ಮೂಲಕ್ಕೆ ದ್ರೋಹ ಮಾಡಿದ ಅನುವಾದಕ್ಕೆ ಬಹುಮಾನ ಹೇಗೆ ಕೊಡೋದು? ನನ್ನ ಮತ ದ್ವೀಪಕ್ಕೆ," ಎಂದ.

ತೀರ್ಪು ಬರೆಯುವ ಕೆಲಸ ಯಾವತ್ತೂ ಅವನದೇ. ದಂತವೈದ್ಯೆಯ ಕಂಪ್ಯೂಟರಿನ ಮುಂದೆ ಕೂತು ಬರೆದ. ದ್ವೀಪದ ಬಗ್ಗೆ ನಾಲ್ಕು ಮಾತು ಬರೆದು, ಕೊನೆಗೆ: 'ಇನ್ನೊಂದು ಕೃತಿಯಲ್ಲಿ ಅನುವಾದಕಿ ಕಾದಂಬರಿಯ ಜೀವದಂತಿರುವ ಒಂದು ವಾಕ್ಯವನ್ನು ಕೈಬಿಟ್ಟಿದ್ದಾರೆ.' ಯಾವ ವಾಕ್ಯ, ಯಾವ ಪುಟ ಎಂದೂ ಬರೆದ. 'ಇದು ಕಣ್ತಪ್ಪೋ, ಉದ್ದೇಶವೋ, ಅವರೇ ಹೇಳಬೇಕು.' ಹೆಂಡತಿಯನ್ನು ಕೇಳಲಾಗದ್ದನ್ನು ಅನುವಾದಕಿಯನ್ನು ಕೇಳಿದ್ದ. ಓದಿ ನೋಡಿದ. ಚೆನ್ನಾಗಿತ್ತು.

"ಇವತ್ತೇ ಹಾಕ್ಬೇಕಾ?" ಎಂದಳು ದಂತವೈದ್ಯೆ. "ಸಂಜೆ ಆಯಮ್ಮ ವೇದಿಕೆ ಮೇಲೆ ಕೂರ್ಬೇಕು. ನಾವೂ ಹೋಗ್ತಿದ್ದೀವಿ."

"ಓದುಗರಿಗೆ ಸತ್ಯ ಗೊತ್ತಾಗ್ಬೇಕು," ಎಂದು ಗುಂಡಿ ಒತ್ತಿದ.

ಮನೆ ಸೇರುವಷ್ಟರಲ್ಲಿ ಅವಳು ಸಿದ್ಧವಾಗಿದ್ದಳು. ಕನ್ನಡಿಯ ಮುಂದೆ ಕಿವಿಗೆ ಏನೋ ಹಾಕಿಕೊಳ್ಳುತ್ತಿದ್ದಳು. ಚೆನ್ನಾಗಿ ಕಾಣುತ್ತಿದ್ದಳು. ಹೇಳೋಣವೆಂದುಕೊಂಡ. ಅಷ್ಟರಲ್ಲಿ ಅವಳಿಗೆ ಫೋನು ಬಂತು, ಅವಳು ಕೋಣೆಯಾಚೆ ಹೋಗಿ ತಗ್ಗಿದ ದನಿಯಲ್ಲಿ ಮಾತಾಡಿದಳು. ವಾಪಸು ಬಂದಾಗ ಮುಖ ಸ್ವಲ್ಪ ಇಳಿದಿತ್ತು.

ಟ್ಯಾಕ್ಸಿಯಲ್ಲಿ ಇಬ್ಬರೂ ಎರಡು ಕಿಟಕಿಗೆ ಅಂಟಿಕೊಂಡು ಕೂತರು. ನಡುವೆ ಅವಳ ಕೋಟು.

"ಯಾರ ಫೋನು?"

"ಪ್ರಕಾಶಕರದ್ದು. ಯಾರೋ ಓದುಗರ ಗುಂಪಿನವರು ಬರೆದಿದ್ದಾರಂತೆ. ಒಂದು ವಾಕ್ಯ ಬಿಟ್ಟಿದ್ದೀನಂತೆ."

"ಹೌದಾ? ಯಾವುದು?"

"ಯಾವುದೋ."

ಟ್ಯಾಕ್ಸಿ ಸಿಗ್ನಲ್ಲಿಗೆ ನಿಂತಿತು. ಪಕ್ಕದ ಬಸ್ಸಿನಲ್ಲಿ ಒಬ್ಬ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ.

"ಬೇಕಂತ ಬಿಟ್ಟಿದ್ದಾ?" ಅವನು ಬಸ್ಸಿನವನನ್ನು ನೋಡುತ್ತಲೇ ಕೇಳಿದ.

"ಮುಂದಿನ ಮುದ್ರಣದಲ್ಲಿ ಸೇರಿಸಿದ್ರಾಯ್ತು."

"ಅದಲ್ಲ ನಾನು ಕೇಳಿದ್ದು."

ಅವಳು ಇವನತ್ತ ತಿರುಗಿದಳು. ಬಹಳ ದಿನದ ಮೇಲೆ ನೋಡುತ್ತಿರುವ ಹಾಗೆ ನೋಡಿದಳು. "ನೀವು ಓದಿದ್ದೀರಾ ಅದನ್ನ?"

"ಎಲ್ಲಿ ಪುರುಸೊತ್ತು," ಎಂದ.

ಅವಳು ಮತ್ತೆ ಕಿಟಕಿಯ ಕಡೆ ತಿರುಗಿಕೊಂಡಳು. ಇಳಿಯುವಾಗ ಕೋಟು ಇವನ ತೋಳಿಗೆ ಹಾಕಿ, "ಇಟ್ಕೊಂಡಿರಿ," ಎಂದಳು.

ಸಭಾಂಗಣದ ಬಾಗಿಲಲ್ಲಿ ಪ್ರತಿಯೊಬ್ಬರ ಕೈಗೂ ಕಿವಿಗೆ ಸಿಕ್ಕಿಸಿಕೊಳ್ಳುವ ಒಂದು ಪುಟ್ಟ ಯಂತ್ರ ಕೊಡುತ್ತಿದ್ದರು. ಹೊರದೇಶದ ಲೇಖಕರು ತಮ್ಮ ಭಾಷೆಯಲ್ಲಿ ಮಾತಾಡಿದರೆ, ಹಿಂದಿನ ಗಾಜಿನ ಗೂಡಿನಲ್ಲಿ ಕೂತ ದುಭಾಷಿ ಅದನ್ನು ಕೂಡಲೇ ನಮ್ಮ ಭಾಷೆಗೆ ಹೇಳುತ್ತಾನೆ. ಅವನೂ ಒಂದು ತೆಗೆದುಕೊಂಡ. ಹಿಂದಿನ ಸಾಲಿನಲ್ಲಿ ಜಡ್ಜೂ ದಂತವೈದ್ಯೆಯೂ ಆಗಲೇ ಕೂತಿದ್ದರು. ಜಡ್ಜ್ ಕೈಯೆತ್ತಿ ಕರೆಯಹೋದವರು, ಮೊದಲು ಅವನನ್ನು, ಆಮೇಲೆ ಪಕ್ಕದಲ್ಲಿ, ಪುಸ್ತಕದ ಹಿಂಬದಿಯ ಫೋಟೋದಲ್ಲಿ ನೋಡಿದ್ದ ಅನುವಾದಕಿಯನ್ನು, ಆಮೇಲೆ ಅವನ ತೋಳಿನ ಮೇಲಿದ್ದ ಹೆಂಗಸಿನ ಕೋಟನ್ನು ನೋಡಿದರು. ಎತ್ತಿದ ಕೈ ಹಾಗೇ ಕೆಳಗಿಳಿಯಿತು. ದಂತವೈದ್ಯೆಯ ಕಿವಿಯಲ್ಲಿ ಏನೋ ಹೇಳಿದರು. ಅವಳು ತಲೆ ತಗ್ಗಿಸಿದಳು.

ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ಸಾಲಿನ ಕುರ್ಚಿಯೊಂದಕ್ಕೆ 'ಅನುವಾದಕಿಯ ಕುಟುಂಬ' ಎಂಬ ಚೀಟಿ ಅಂಟಿಸಿದ್ದರು. ಅವನು ಕುಟುಂಬವಾಗಿ ಕೂತ.

ವಿಜೇತರನ್ನು ಘೋಷಿಸುವ ಮೊದಲು ಪಟ್ಟಿಯ ಒಂದೊಂದು ಪುಸ್ತಕದ ಲೇಖಕರನ್ನೂ ಅನುವಾದಕರನ್ನೂ ವೇದಿಕೆಗೆ ಕರೆದು ಮಾತಾಡಿಸುವ ಪದ್ಧತಿ. ಅವಳ ಸರದಿ ಬಂತು. ಚಳಿದೇಶದ ಲೇಖಕಿ ದಪ್ಪಗೆ, ಗುಂಡಗೆ, ಯಾರದೋ ಚಿಕ್ಕಮ್ಮನ ಹಾಗಿದ್ದಳು. ಜಗತ್ತಿನ ಗಂಡಂದಿರನ್ನೆಲ್ಲ ಸಿಗಿಯುವವಳ ಹಾಗೆ ಕಾಣಲಿಲ್ಲ. ನಿರೂಪಕ ಎರಡು ಸಿಹಿ ಮಾತಾಡಿ, ಜೇಬಿನಿಂದ ಫೋನು ತೆಗೆದ.

"ಇವತ್ತು ಮಧ್ಯಾಹ್ನ ಓದುಗರ ಬಳಗವೊಂದು ಒಂದು ಕುತೂಹಲದ ಪ್ರಶ್ನೆ ಎತ್ತಿದೆ," ಎಂದು ಓದತೊಡಗಿದ. ಪೂರ್ತಿ ಓದಿದ. ಮೈಕಿನಲ್ಲಿ ಅಕ್ಕರೆಯ ವಾಕ್ಯ ಇಡೀ ಸಭಾಂಗಣದಲ್ಲಿ ಮೊಳಗಿತು. "ಕಣ್ತಪ್ಪೋ, ಉದ್ದೇಶವೋ, ಅವರೇ ಹೇಳಬೇಕು ಅಂತ ಬರೆದಿದ್ದಾರೆ. ಹೇಳ್ತೀರಾ ಮೇಡಂ?"

ಅವಳು ಮೈಕನ್ನು ಬಾಯಿಯ ಹತ್ತಿರ ತಂದಳು. ಅವನು ಕುರ್ಚಿಯ ಅಂಚಿಗೆ ಜರುಗಿದ. ಹೇಳು. ಏನಾದರೂ ಹೇಳು. ಮರೆತೆ ಅನ್ನು, ನಿದ್ದೆಗಣ್ಣಿನಲ್ಲಿ ಬಿಟ್ಟುಹೋಯಿತು ಅನ್ನು. ಅಷ್ಟಂದರೆ ಸಾಕು, ನಾಳೆಯಿಂದ ಯಾವ ಬೀಗವನ್ನೂ ಮುಟ್ಟುವುದಿಲ್ಲ.

"ಇದನ್ನ ಮೊದಲು ಅವರಿಗೆ ಹೇಳ್ಬೇಕು," ಎಂದಳು, ಲೇಖಕಿಯನ್ನು ತೋರಿಸಿ. "ವಾಕ್ಯ ಅವರದ್ದು. ಕ್ಷಮಿಸಿ, ಅವರ ಭಾಷೆಯಲ್ಲೇ ಹೇಳ್ತೀನಿ."

ಸಭೆಯೆಲ್ಲ ಗಡಿಬಿಡಿಯಿಂದ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡಿತು. ಅವನೂ ಸಿಕ್ಕಿಸಿಕೊಂಡ. ಸುಯ್ ಎಂಬ ಸದ್ದು. ಗುಂಡಿ ತಿರುಗಿಸಿದ. ಸುಯ್. ಇನ್ನೊಂದು ಕಿವಿಗೆ ಹಾಕಿಕೊಂಡ. ವೇದಿಕೆಯ ಮೇಲೆ ಅವಳು ಲೇಖಕಿಯ ಕೈ ಹಿಡಿದುಕೊಂಡು ಮಾತಾಡುತ್ತಿದ್ದಳು. ಮೆಲ್ಲಗೆ, ಸರಾಗವಾಗಿ, ಎಲ್ಲೂ ತಡವರಿಸದೆ. ಲೇಖಕಿ ಮೊದಲು ಹುಬ್ಬೇರಿಸಿದಳು. ಆಮೇಲೆ ಫಕ್ಕನೆ ನಕ್ಕಳು. ಒಂದು ಕ್ಷಣ ಬಿಟ್ಟು ಇಡೀ ಸಭೆ ನಕ್ಕಿತು.

ಮುಂದಿನ ಸಾಲಿನವರು ಒಬ್ಬೊಬ್ಬರಾಗಿ ಇವನತ್ತ ತಿರುಗಿದರು.

"ಏನಂದ್ಲು?" ಪಕ್ಕದ ಹೆಂಗಸನ್ನು ಕೇಳಿದ. "ನನ್ನದು ಕೆಟ್ಟಿದೆ. ಏನಂದ್ಲು?"

ಅವಳು ನಗುತ್ತ ಕಣ್ಣೊರೆಸಿಕೊಂಡು, ಅವನ ಕುರ್ಚಿಯ ಚೀಟಿಯನ್ನೊಮ್ಮೆ ನೋಡಿ, "ಅದು ನೀವೇನಾ?" ಎಂದಳು. ಮತ್ತೆ ಕಿವಿಯನ್ನು ಒತ್ತಿ ಹಿಡಿದು, ಸುಮ್ಮನಿರಿ ಎಂಬಂತೆ ಕೈ ಮಾಡಿದಳು.

ವೇದಿಕೆಯ ಮೇಲೆ ಅವಳ ಮಾತು ಇನ್ನೂ ಮುಗಿದಿರಲಿಲ್ಲ. ಜನ ನೋಡುತ್ತಿದ್ದಾರೆ. ಮುಖ ಗಂಟು ಹಾಕಿಕೊಂಡು ಕೂತರೆ ಹೆಂಡತಿಯ ಒಂದು ತಮಾಷೆಯನ್ನೂ ಸಹಿಸದ ಮನುಷ್ಯ ಅನ್ನುತ್ತಾರೆ. ಹಿಂದೆ ಜಡ್ಜ್ ಇದ್ದಾರೆ. ಈ ಸಲ ನಗುವುದನ್ನು ತಪ್ಪಿಸಬಾರದು. ಅವಳ ದನಿಯನ್ನೇ ಕಾದ. ದನಿ ಏರಿತು, ಇಳಿಯಿತು, ಕೊನೆಯ ಮಾತಿನ ಹತ್ತಿರ ಬಂದು ನಿಂತಿತು. ಅವನು ತಲೆ ಹಿಂದಕ್ಕೆ ಹಾಕಿ, ಎಲ್ಲರಿಗೂ ಕೇಳುವ ಹಾಗೆ, ಹೊಟ್ಟೆ ತುಂಬ ನಕ್ಕ.

ಉಳಿದವರು ಯಾರೂ ನಗಲಿಲ್ಲ. ಪಕ್ಕದ ಹೆಂಗಸು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಲೇಖಕಿ ಅವನ ಹೆಂಡತಿಯ ಹೆಗಲಿಗೆ ಕೈ ಹಾಕಿದ್ದಳು. ಅವನಿಗೆ ನಗು ನಿಲ್ಲಿಸಲು ಆಗಲಿಲ್ಲ; ಇಷ್ಟು ಬೇಗ ನಿಲ್ಲಿಸಿದರೆ ಗೊತ್ತಾಗಿಬಿಡುತ್ತದೆ ಅಂದುಕೊಂಡು ಇನ್ನಷ್ಟು ನಕ್ಕ. ವೇದಿಕೆಯ ಮೇಲೆ ಅವಳು ಮೈಕನ್ನು ಕೆಳಗಿಳಿಸಿ, ಅವನು ನಕ್ಕು ಮುಗಿಸುವುದನ್ನೇ ಕಾಯುತ್ತ ನಿಂತಿದ್ದಳು.